ಅಪ್ಪನ ಕೈ ಕಟ್ಟಿದ ಮಧ್ಯಾಹ್ನ

ಅಪ್ಪ ಕೈ ಕೊಯ್ದುಕೊಂಡ. ಇದನ್ನು ಹೇಳಿದಾಗ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಮೂವತ್ತೈದು ವರ್ಷದಿಂದ ಕನ್ನಡಿ ಅಂಗಡಿ ನಡೆಸುತ್ತಿರುವ ಮನುಷ್ಯ ಅವನು. ಆಳೆತ್ತರದ ಗಾಜನ್ನು ಹಸುಗೂಸಿನಂತೆ ಎತ್ತಿ ಇಳಿಸುತ್ತಾನೆ, ಮೈಮೇಲೆ ಒಂದು ಗೀರು ಬಿದ್ದದ್ದು ಕಂಡವರಿಲ್ಲ. ನಾನು ಈರುಳ್ಳಿ ಹೆಚ್ಚಲು ಹೋಗಿ ಬೆರಳಿಗೆ ಪಟ್ಟಿ ಸುತ್ತಿಕೊಂಡಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದವನೂ ಅವನೇ. ಅಂಥವನು ಆ ಬೆಳಿಗ್ಗೆ ಅಂಗೈಯಗಲದ ಒಂದು ತುಂಡು ಕೊಯ್ಯುತ್ತ, ನಿಂತ ನಿಲುವಿನಲ್ಲೇ ತೂಕಡಿಸಿ, ಎಡಗೈಯನ್ನು ಗಾಜಿನ ಅಂಚಿನ ಮೇಲೆ ಊರಿಬಿಟ್ಟ.

ಬಾಗಿಲಲ್ಲಿದ್ದ ನಾನು "ಅಪ್ಪಾ!" ಎಂದು ಕಿರುಚಿದೆ. ಕಿರುಚಿ ಏನು ಬಂತು? ಅಪ್ಪ ಹುಟ್ಟುಕಿವುಡ. ಎದುರಿನ ಟೈಲರ್ ಓಡಿಬಂದ, ಪಕ್ಕದ ಮನೆಯ ನಾಯಿ ಓಡಿಬಂತು, ಅಪ್ಪ ಮಾತ್ರ ಸುರಿಯುತ್ತಿದ್ದ ರಕ್ತವನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತಿದ್ದ.

ಡಾಕ್ಟರಮ್ಮ ಹನ್ನೊಂದು ಹೊಲಿಗೆ ಹಾಕಿದರು. "ನರ ಸ್ವಲ್ಪದರಲ್ಲಿ ಉಳ್ಕೊಂಡಿದೆ. ಹತ್ತು ದಿನ ಈ ಕೈ ಅಲ್ಲಾಡಬಾರದು. ಹೊಲಿಗೆ ಬಿಟ್ಟು ನರ ಹರಿದ್ರೆ ಮೂರು ಬೆರಳು ಮತ್ತೆ ಮಡಚೋಕಾಗಲ್ಲ, ನೋಡಿ" ಎಂದರು.

ಬೇರೆಯವರಿಗೆ ಅದು ಬರೀ ಮೂರು ಬೆರಳು. ಅಪ್ಪನಿಗೆ ನಾಲಿಗೆ ಇರುವುದೇ ಕೈಯಲ್ಲಿ. ನಾನು ಅ ಆ ಇ ಈ ಕಲಿಯುವ ಮೊದಲು ಕಲಿತದ್ದು ಅವನ ಕೈಮಾತು. ಮೂರು ಬೆರಳು ಹೋದರೆ ಅವನ ಅರ್ಧ ಮಾತು ಹೋದಂತೆ.

"ನಿದ್ದೆ ಸರಿಯಾಗಿ ಮಾಡ್ತಾರಾ?" ಎಂದು ಡಾಕ್ಟರಮ್ಮ ಕೇಳಿದರು. ನಾನು ಅದನ್ನು ಕೈಯಲ್ಲಿ ಹೇಳಿದೆ. ಅಪ್ಪ ಬಲಗೈಯೊಂದರಲ್ಲೇ, "ಚೆನ್ನಾಗಿ ಮಾಡ್ತೀನಿ ಅಂತ ಹೇಳು" ಎಂದ. ಅವನ ಕಣ್ಣು ಕೆಂಡವಾಗಿತ್ತು, ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು.

"ಸುಳ್ಳು ಹೇಳ್ತಿದಾರೆ ಡಾಕ್ಟ್ರೇ" ಎಂದೆ.

ಅವರು ನಕ್ಕು, ಆಮೇಲೆ ನಗುವುದನ್ನು ನಿಲ್ಲಿಸಿ, "ಮನಸ್ಸಲ್ಲಿ ಏನಾದ್ರೂ ಇಟ್ಕೊಂಡು ಕೊರಗ್ತಿದಾರಾ? ಹಗಲು ಹೇಳದೇ ನುಂಗಿದ್ದೆಲ್ಲ ನಿದ್ದೇಲಿ ಹೊರಗೆ ಬರುತ್ತೆ. ಕೆಟ್ಟ ಕನಸು, ಬೆಚ್ಚಿಬೀಳೋದು, ಕೈಕಾಲು ಆಡಿಸೋದು" ಎಂದರು.

"ಆರು ತಿಂಗಳ ಹಿಂದೆ ಅಮ್ಮ ಹೋದ್ರು."

"ನಿನ್ನ ನಿದ್ದೆ ಹೇಗಿದೆ?"

"ನನಗೇನು, ಕೊರಡು ಬಿದ್ದ ಹಾಗೆ ಮಲಗ್ತೀನಿ" ಎಂದೆ. ಅಪ್ಪನ ಮಗಳೇ ತಾನೆ ನಾನು.

ಅಮ್ಮನಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು, ಬಾಯಂತೂ ಮೂರು ಜನರಿಗೆ ಆಗುವಷ್ಟಿತ್ತು. ಅಂಗಡಿಯ ಹಿಂದೆಯೇ ನಮ್ಮ ಮನೆ. ಗಾಜು ಕೊಯ್ಯುವ ಮೇಜಿನ ಮೇಲೆ ಎರಡು ದೀಪ ಹಾಕಿಸಿದ್ದಳು. ಗಿರಾಕಿ ಬಾಗಿಲ ಬೆಲ್ ಒತ್ತಿದರೆ ಬಿಳಿ ದೀಪ, ಅಮ್ಮ ಒಳಗಿನಿಂದ ಒತ್ತಿದರೆ ಕೆಂಪು ದೀಪ. ಅಡುಗೆಮನೆಯಲ್ಲೊಂದು ಗುಂಡಿ, ಬಚ್ಚಲಲ್ಲಿ ನಲ್ಲಿಯ ಪಕ್ಕ ಇನ್ನೊಂದು. ಮೂರು ಸಲ ಮಿಣುಕಿದರೆ ಅಪ್ಪ ಹೋಗಬೇಕು. ದಿನಕ್ಕೆ ನಲವತ್ತು ಸಲ ಮಿಣುಕಿಸುತ್ತಿದ್ದಳು. ಸೋಪು ಕೊಡು, ಹಲ್ಲಿ ಓಡಿಸು, ಡಬ್ಬಿಯ ಮುಚ್ಚಳ ತೆಗೆ. ಅಷ್ಟು ಸಾಲದು ಎಂದು ನನ್ನ ಆಫೀಸಿಗೂ ಫೋನು. ನಾನು ವಿದ್ಯುತ್ ಕಚೇರಿಯಲ್ಲಿ ದೂರು ಕೇಳುವ ಕೆಲಸದವಳು. ಊರವರೆಲ್ಲ ಕರೆಂಟ್ ಇಲ್ಲವೆಂದು ಒಂದು ಕಿವಿಯಲ್ಲಿ ಬೈಯುತ್ತಿದ್ದರೆ ಅಮ್ಮ ಇನ್ನೊಂದರಲ್ಲಿ, "ಕತ್ತರಿ ಎಲ್ಲಿಟ್ಟಿದೀಯೇ?" ಎನ್ನುತ್ತಿದ್ದಳು. ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದಳು ಮಹಾತಾಯಿ.

ಆ ಬಚ್ಚಲಲ್ಲೇ ಜಾರಿಬಿದ್ದಳು. ತಲೆಗೆ ಪೆಟ್ಟಾಗಿತ್ತು. ಅಪ್ಪ ಹೋಗಿ ನೋಡುವ ಹೊತ್ತಿಗೆ ಮಾತು ನಿಂತಿತ್ತು. ಆಸ್ಪತ್ರೆಯಲ್ಲಿ, "ಹತ್ತು ನಿಮಿಷ ಮೊದಲು ತಂದಿದ್ರೆ ಉಳಿಸಬಹುದಿತ್ತು" ಎಂದರು. ಆ ಹತ್ತು ನಿಮಿಷವನ್ನು ನಾನು ಯಾರ ತಲೆಗಾದರೂ ಕಟ್ಟಬೇಕಿತ್ತು.

ಒಂದು ವಾರದ ಮೇಲೆ ಅಂಗಡಿಯಲ್ಲಿ ಚಿಕ್ಕಮ್ಮನ ಎದುರು ಅದನ್ನು ಅಪ್ಪನ ತಲೆಗೆ ಕಟ್ಟಿದೆ. "ಮನೇಲಿ ಕಿವಿ ಕೇಳೋರು ಒಬ್ಬರಿದ್ದಿದ್ರೆ ಅಮ್ಮ ಉಳೀತಿದ್ಲು ಚಿಕ್ಕಮ್ಮ."

"ಸುಮ್ನಿರೇ, ಅಲ್ಲೇ ಇದಾನೆ ನಿಮ್ಮಪ್ಪ" ಎಂದು ಚಿಕ್ಕಮ್ಮ ಕಣ್ಣು ಬಿಟ್ಟಳು.

"ತುಟಿ ನೋಡಿದ್ರೆ ತಾನೆ ಅವನಿಗೆ ಗೊತ್ತಾಗೋದು? ಬೆನ್ನು ಹಾಕಿ ಕೂತಿದೀನಲ್ಲ" ಎಂದೆ.

ನಾನು ಯಾರಿಗೂ ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಅಮ್ಮ ಬಿದ್ದ ಮಧ್ಯಾಹ್ನ ಅವಳು ನನಗೆ ಎರಡು ಸಲ ಫೋನ್ ಮಾಡಿದ್ದಳು. ನೋಡಿದೆ. ಮತ್ತೆ ಕತ್ತರಿಯೇ ಇರಬೇಕು ಎಂದುಕೊಂಡು ಫೋನನ್ನು ಬೋರಲು ಹಾಕಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆ ಎರಡು ಕರೆಗಳನ್ನು ಅಳಿಸಿದೆ. ಅಂದಿನಿಂದ ನನ್ನ ಕನಸಿಗೆ ಬೇರೆ ಕೆಲಸವೇ ಇಲ್ಲ. ಬೋರಲು ಬಿದ್ದ ಫೋನು, ಅದನ್ನು ಎತ್ತಲು ಹೋದರೆ ಮೇಜಿಗೆ ಅಂಟಿಕೊಂಡಿರುತ್ತದೆ. ಕೊರಡಿನ ಹಾಗೆ ಮಲಗುತ್ತೇನೆ ಎಂದದ್ದು ಈ ನಿದ್ದೆಯನ್ನು.

ರಜೆ ಹಾಕಿ ಅಪ್ಪನ ಪಕ್ಕ ಕೂತೆ. ಊಟವಾದ ಮೇಲೆ ಒಂದರಿಂದ ಮೂರರವರೆಗೆ ಅಂಗಡಿ ಮುಚ್ಚಿ ಅಲ್ಲೇ ಮಡಚುವ ಮಂಚದ ಮೇಲೆ ಮಲಗುವುದು ಅವನ ರೂಢಿ. ಮೊದಲ ದಿನ ಪೇಪರು ಓದುತ್ತ ನಾನೇ ತೂಕಡಿಸಿದೆ. ಎಚ್ಚರವಾಗಿ ನೋಡಿದರೆ ಬ್ಯಾಂಡೇಜು ಕೆಂಪಾಗಿತ್ತು! ಎರಡು ಹೊಲಿಗೆ ಬಿಟ್ಟಿದ್ದವು. ಡಾಕ್ಟರಮ್ಮ ನನ್ನನ್ನು ಚೆನ್ನಾಗಿ ಬೈದರು. "ಮಲಗುವಾಗ ಕೈ ಕಟ್ಟಿಬಿಡು. ಎರಡನ್ನೂ. ಒಂದು ಎದ್ರೆ ಇನ್ನೊಂದೂ ಏಳುತ್ತೆ."

ಆ ರಾತ್ರಿ ಅಪ್ಪ ಮಲಗಲೇ ಇಲ್ಲ. ಮರುದಿನ ಊಟವಾದ ಮೇಲೆ ಮೆತ್ತನೆಯ ಟವೆಲ್ ಹಿಡಿದು ಮಂಚದ ಬಳಿ ನಿಂತೆ. ಯಾಕೆಂದು ವಿವರಿಸಿದೆ. ಅಪ್ಪ ಎರಡೂ ಕೈ ಮುಂದೆ ಚಾಚಿದ, ಪೊಲೀಸರಿಗೆ ಒಪ್ಪಿಸಿಕೊಳ್ಳುವವನ ಹಾಗೆ. ಕಟ್ಟುವ ತನಕ ನನ್ನ ಮುಖವನ್ನೇ ನೋಡುತ್ತಿದ್ದ. ಕೊನೆಯ ಗಂಟು ಬಿಗಿದಾಗಲೇ ನನಗೆ ಹೊಳೆದದ್ದು: ಇವನಿಗೆ ನೀರು ಬೇಕೆಂದು ಕೇಳಲೂ ಈಗ ದಾರಿಯಿಲ್ಲ. ಹೆತ್ತ ಅಪ್ಪನ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು.

ಅರ್ಧ ಗಂಟೆ ಸುಮ್ಮನೆ ಮಲಗಿದ್ದ. ಆಮೇಲೆ ಬೆರಳು ಅದುರತೊಡಗಿದವು. ಹಣೆ ಬೆವರಿತು. ಟವೆಲಿನೊಳಗೆ ಮುಂಗೈ ತಿರುಚಿ ತಿರುಚಿ, ಮಂಚವೇ ಗಡಗಡ ಅಲುಗಿತು. ಅಪ್ಪನ ಗಂಟಲಿನಿಂದ ಒಂದು ಸದ್ದು ಹೊರಟಿತು. ಮೂವತ್ತು ವರ್ಷದಲ್ಲಿ ನಾನು ಅವನ ದನಿ ಕೇಳಿದವಳಲ್ಲ. ಹೊಲಿಗೆ ಹಾಳಾಗಿ ಹೋಗಲಿ ಎಂದು ಗಂಟು ಬಿಚ್ಚಿದೆ.

ಕೈಗಳು ಎದೆಯ ಮೇಲೆ ಎದ್ದವು. ಕಣ್ಣು ಮುಚ್ಚಿತ್ತು, ಕೈ ಮಾತಾಡುತ್ತಿತ್ತು. ತೊದಲಲ್ಲ, ಎದುರಿಗೆ ಕೂತವರಿಗೆ ಹೇಳಿದಷ್ಟು ಸ್ಪಷ್ಟ.

"ಕೆಂಪು. ಮೂರು ಸಲ. ನೋಡಿದೆ. ಬಂದೆ ಇರು, ಬಂದೆ. ಗಾಜಿಗೆ ಗೆರೆ ಎಳೀತಿದೀನಿ."

ಮೊದಲು ಅರ್ಥವಾಗಲಿಲ್ಲ. ಕೈಗಳು ಅದನ್ನೇ ಮತ್ತೆ ಹೇಳಿದವು. ಈ ಸಲ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲಿ ಮಚ್ಚೆ ಇದ್ದದ್ದು ಅಮ್ಮನಿಗೆ, ಕೈಮಾತಿನಲ್ಲಿ ಅಮ್ಮನ ಹೆಸರೇ ಅದು. "ಬಂದೆ ಇರು. ಗೆರೆ ಎಳೆದೆ. ಮುರಿದೆ. ಅಂಚು ಉಜ್ಜಿದೆ. ಈಗ ಬಂದೆ."

ಅಮ್ಮ ಗುಂಡಿ ಒತ್ತಿದ್ದಳು. ದೀಪ ಹತ್ತಿತ್ತು. ಅಪ್ಪ ನೋಡಿದ್ದ! ಅಮ್ಮ ಹೋದ ವಾರದಲ್ಲೇ ಕೆಂಪು ದೀಪ ಸುಟ್ಟುಹೋಗಿದೆ ಎಂದು ಅವನು ಬಿಚ್ಚಿ ತೆಗೆದದ್ದು, ಖಾಲಿ ಹೋಲ್ಡರು ಈಗಲೂ ನನ್ನ ತಲೆಯ ಮೇಲೆ ತೂಗುತ್ತಿದ್ದದ್ದು, ಎಲ್ಲದರ ಅರ್ಥವೂ ಒಮ್ಮೆಗೇ ತಿಳಿಯಿತು.

ಅಪ್ಪನ ಬೆರಳು ಮೂಗಿನ ತುದಿಗೆ ಹೋಯಿತು. ಅದು ನಾನು. ಮಗುವಾಗಿದ್ದಾಗಲೇ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಇಟ್ಟ ಹೆಸರು. "ಮಗಳು ಕಿವಿ ಅಂದ್ಲು. ಕಿವಿ ಕೇಳೋರು ಇದ್ದಿದ್ರೆ ಅಂದ್ಲು. ಕಿವಿ ಅಲ್ಲ. ಕಣ್ಣು. ಕಣ್ಣು ನೋಡಿತ್ತು."

ನಾನು ತಲೆಯೆತ್ತಿದೆ. ಎದುರಿನ ಗೋಡೆಯಲ್ಲಿ ಹನ್ನೆರಡು ಕನ್ನಡಿ, ಹನ್ನೆರಡರಲ್ಲೂ ಬಾಯಿ ತೆರೆದು ಕೂತ ನನ್ನ ಮುಖ. ಕನ್ನಡಿ ಅಂಗಡಿಯಲ್ಲಿ ಹುಟ್ಟಿ ಬೆಳೆದವಳು ನಾನು, ಬೆನ್ನು ಹಾಕಿದರೆ ಸಾಕು ಎಂದುಕೊಂಡಿದ್ದೆ. ಅಂದು ಅಪ್ಪ ನನ್ನ ತುಟಿಯನ್ನು ಒಂದು ಕಡೆಯಲ್ಲ, ಹನ್ನೆರಡು ಕಡೆ ಓದಿದ್ದ. ನಾಚಿಕೆಯಿಂದ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು.

ಅಪ್ಪ ಕಣ್ಣು ಬಿಟ್ಟ. ಬಿಚ್ಚಿದ ಟವೆಲ್ ನೋಡಿದ, ನನ್ನ ಮುಖ ನೋಡಿದ. "ಏನು ನೋಡಿದೆ?" ಎಂದ.

"ಎಲ್ಲಾ."

ಅವನು ಎದ್ದು ಕೂತ. ನಿಜ ಹೇಳುತ್ತೇನೆ, ಆ ಕ್ಷಣ ನಾನು ಅಪ್ಪನನ್ನು ದ್ವೇಷಿಸಿದೆ. ಗೆರೆ ಎಳೆದೆ, ಸರಿ. ಮುರಿದೆ, ಸರಿ. ಗಾಜಿನ ಮೇಲೆ ಗೆರೆ ಒಂದೇ ಉಸಿರಿಗೆ ಎಳೆಯಬೇಕು, ಅರ್ಧಕ್ಕೆ ನಿಲ್ಲಿಸಿದರೆ ಗಾಜು ಕೆಟ್ಟಿತು ಎಂದು ನನಗೂ ಗೊತ್ತು. ಆದರೆ ನುಣುಪಾಗಲೆಂದು ಅಂಚು ಉಜ್ಜುವುದು ಏನಿತ್ತು? ಹೆಂಡತಿ ಬಚ್ಚಲಲ್ಲಿ ಬಿದ್ದಿರುವಾಗ ಅಂಚು ಉಜ್ಜುತ್ತಾರೆಯೇ?

"ಅಂಚು ಯಾಕೆ ಉಜ್ಜಿದೆ?" ಎಂದು ಕೇಳಿದೆ. ನನ್ನ ಕೈ ಗಾಳಿಯನ್ನು ಹೊಡೆದ ಹಾಗಿತ್ತು.

"ಸೋಪು ಇರಬೇಕು ಅಂದ್ಕೊಂಡೆ. ಬೈಯಿ" ಎಂದ. "ಎಲ್ಲರೂ ಪಾಪ ಕಿವುಡ ಅಂತಾರೆ. ನೀನಾದ್ರೂ ಸರಿಯಾಗಿ ಬೈಯಿ."

ಸೋಪು ಇರಬೇಕು. ಕತ್ತರಿ ಇರಬೇಕು. ನನ್ನ ಎತ್ತಿದ ಕೈ ಅಲ್ಲೇ ನಿಂತಿತು. ಬೈಯಲು ನನಗೆ ಯಾವ ಮುಖವಿತ್ತು? "ಅಮ್ಮ ನನಗೆ ಫೋನ್ ಮಾಡಿದ್ಲು. ಎರಡು ಸಲ. ನೋಡಿದೆ. ಎತ್ತಲಿಲ್ಲ" ಎಂದು ಕೈಯಲ್ಲಿ ಹೇಳಿದೆ. ಆರು ತಿಂಗಳಲ್ಲಿ ಮೊದಲ ಸಲ ಅದು ನನ್ನ ಮೈಯಿಂದ ಹೊರಗೆ ಬಂದದ್ದು.

ಅಪ್ಪ ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ಬೀಳಲಿಲ್ಲ. "ಗೊತ್ತು" ಎಂದ.

ಬೆಚ್ಚಿಬಿದ್ದವಳು ನಾನು. "ಗೊತ್ತಾ? ಹೇಗೆ?"

"ಫೋನು ಅವಳ ಕೈಲೇ ಇತ್ತು. ನಿನ್ನ ಹೆಸರು, ಎರಡು ಸಲ. ಚಿಕ್ಕಮ್ಮ ಬರೋ ಮೊದಲು ಅಳಿಸಿಬಿಟ್ಟೆ."

ನಾನು ಅವನಿಗೆ ಬೆನ್ನು ಹಾಕಿ ಕಿವಿಯ ಮಾತು ಆಡಿದ ದಿನವೂ ಅವನಿಗೆ ಇದು ಗೊತ್ತಿತ್ತು. ಹನ್ನೆರಡು ಕನ್ನಡಿಯಲ್ಲಿ ನನ್ನನ್ನು ನೋಡುತ್ತ, ಗೊತ್ತಿದ್ದೂ ಸುಮ್ಮನಿದ್ದ.

"ಯಾಕಪ್ಪಾ ಹೇಳಲಿಲ್ಲ?"

"ನೀನು ಯಾಕೆ ಹೇಳಲಿಲ್ಲ?"

ಅವನ ಬ್ಯಾಂಡೇಜಿನ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತೆ. ಅಪ್ಪ ಇನ್ನೊಂದು ಕೈಯಿಂದ ನನ್ನ ಬೆನ್ನು ಸವರಿದ. ಮೂರು ಗಂಟೆಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಅಂದಿನಿಂದ ಇಬ್ಬರಿಗೂ ಸುಖನಿದ್ದೆ ಬಂತು ಎಂದರೆ ಸುಳ್ಳಾಗುತ್ತದೆ. ನನ್ನ ಕನಸಿನಲ್ಲಿ ಫೋನು ಈಗಲೂ ಬರುತ್ತದೆ. ಆದರೆ ಎದ್ದ ಕೂಡಲೇ, "ಇವತ್ತೂ ಬಂತು" ಎಂದು ಹೇಳಲು ಒಬ್ಬನಿದ್ದಾನೆ. ಅವನೂ ಹೇಳುತ್ತಾನೆ. ಕೈ ಕಟ್ಟುವುದನ್ನು ಬಿಟ್ಟೆವು, ಮಲಗುವ ಮೊದಲು ಹೇಳಬೇಕಾದ್ದನ್ನು ಹೇಳಿಕೊಂಡೆವು. ಐದನೆಯ ದಿನದಿಂದ ಅವನ ಕೈ ಬರೀ ಅದುರುತ್ತಿತ್ತು, ಏಳುತ್ತಿರಲಿಲ್ಲ. ಹೊಲಿಗೆ ಬಿಚ್ಚಿದ ದಿನ ಡಾಕ್ಟರಮ್ಮನ ಎದುರು ಐದೂ ಬೆರಳು ಮಡಚಿ ತೋರಿಸಿದ.

ಮನೆಗೆ ಬಂದವನೇ ಮೇಜಿನ ಡ್ರಾಯರಿನಿಂದ ಕೆಂಪು ಬಲ್ಬು ತೆಗೆದು ಹೋಲ್ಡರಿಗೆ ಹಾಕಿದ. ಅದು ಸುಟ್ಟಿರಲೇ ಇಲ್ಲ.

ತಿಂಗಳಾದ ಮೇಲೆ, ರಜೆಯ ದಿನ, ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಕತ್ತರಿಗೆ ತಡಕಾಡುತ್ತಿದ್ದೆ. ಎಲ್ಲೂ ಇಲ್ಲ. ಪಿತ್ತ ನೆತ್ತಿಗೇರಿತು. ಯೋಚಿಸದೆ ಗೋಡೆಯ ಗುಂಡಿಯನ್ನು ಟಕ ಟಕ ಟಕ ಒತ್ತಿದೆ. ಒತ್ತಿದ ಮೇಲೆ ಏನು ಮಾಡಿದೆ ಎಂದು ತಿಳಿದು ಕೈ ಹಿಂದೆಗೆದೆ.

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿದ್ದ. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಇರಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಏದುಸಿರು ಬಿಡುತ್ತಿದ್ದ. "ಏನಾಯ್ತು?"

"ಕತ್ತರಿ ಎಲ್ಲಿ?" ಎಂದೆ.

ಅವನು ನನ್ನ ಮುಂದೆಯೇ ಮೊಳೆಗೆ ತೂಗುತ್ತಿದ್ದ ಕತ್ತರಿ ತೋರಿಸಿದ.

ಅವನ ಹಿಂದೆಯೇ ಅಂಗಡಿಗೆ ಹೋದೆ. ಗಾಜು ಕೊಯ್ಯುವ ಕಟ್ಟರ್ ನೆಲದ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಸಲೂನಿನವರು ಹೇಳಿಹೋಗಿದ್ದ ಎಂಟಡಿಯ ದೊಡ್ಡ ಕನ್ನಡಿ, ಅದರ ಮೇಲೆ ಅಂಚಿನಿಂದ ಹೊರಟ ನೇರ ಗೆರೆ ನಟ್ಟನಡುವೆ ನಿಂತುಹೋಗಿತ್ತು.

"ಅಯ್ಯೋ ಅಪ್ಪಾ, ಗಾಜು ಹಾಳಾಯ್ತಲ್ಲ!" ಎಂದೆ.

ಅಪ್ಪ ಬೆರಳಿನಿಂದ ಮೂಗಿನ ತುದಿ ಮುಟ್ಟಿ ನನ್ನ ಹೆಸರು ಹೇಳಿದ. ಆಮೇಲೆ, "ಹೋಗಲಿ ಬಿಡು" ಎಂದು ಕಳೆದುಹೋದ ಚಪ್ಪಲಿ ಹುಡುಕತೊಡಗಿದ.