ಕಪ್ಪು ಕಾಗದದೊಳಗಿನ ಮೊಟ್ಟೆಗಳು

ತಂಗಿ ತೀರಿಕೊಂಡ ಮೇಲೆ ಮನೆಯಲ್ಲಿ ಅವಳದೆಂದು ಉಳಿದ ಒಂದೊಂದು ವಸ್ತುವನ್ನೂ ಅಕ್ಕ ಮುಟ್ಟಿ ಮುಟ್ಟಿ ಎತ್ತಿಟ್ಟಳು. ಬಟ್ಟೆಗಳನ್ನು ಮಡಿಸಿದಳು, ಚಪ್ಪಲಿಯ ಧೂಳು ಒರೆಸಿದಳು. ಕೊನೆಗೆ ಫ್ರಿಜ್ಜಿನಲ್ಲಿ, ಹಾಲಿನ ಪಾತ್ರೆಯ ಹಿಂದೆ, ಕಪ್ಪು ಕಾಗದ ಸುತ್ತಿದ ಗಾಜಿನ ಬಟ್ಟಲು ಕೈಗೆ ಸಿಕ್ಕಿತು.

ಅಕ್ಕನದು ಹೊಲಿಗೆಯ ಕಸುಬು. ತಾಯಿ ಹೋದ ಮೇಲೆ ಯಂತ್ರ ತುಳಿದೇ ತಂಗಿಯನ್ನು ಓದಿಸಿದವಳು. ಓದಿದ ತಂಗಿ ಮೀನಿನ ರೋಗಗಳ ಪ್ರಯೋಗಶಾಲೆ ಸೇರಿ, ಮೀನಿನ ಕರುಳಿನಲ್ಲಿ ಬೆಳೆಯುವ ಲಾಡಿಹುಳುವಿನ ಬೆನ್ನು ಹತ್ತಿದಳು.

"ನಾನು ಲಂಗಕ್ಕೆ ಲಾಡಿ ಹಾಕ್ತೀನಿ, ನೀನು ಮೀನಿನ ಹೊಟ್ಟೆಯಿಂದ ಲಾಡಿ ಎಳೀತೀಯ. ಒಂದೇ ಮನೆ ಕಸುಬು ಬಿಡು," ಎಂದು ಅಕ್ಕ ನಗುತ್ತಿದ್ದಳು.

ಪ್ರಯೋಗಶಾಲೆಯ ಫ್ರಿಜ್ಜು ಕೆಟ್ಟಾಗ ತಂಗಿ ಈ ಬಟ್ಟಲನ್ನು ಮನೆಗೆ ತಂದಿದ್ದಳು.

"ಹಾಲಿನ ಪಕ್ಕ ಹುಳದ ಮೊಟ್ಟೆನಾ? ನನ್ನ ಕರ್ಮ!"

"ನನ್ನ ಮಕ್ಕಳು ಕಣೇ ಅಕ್ಕ. ಮಲಗಿದಾವೆ, ಎಬ್ಬಿಸ್ಬೇಡ."

ಅದು ತಮಾಷೆಯೆಂದೇ ಅಕ್ಕ ತಿಳಿದಿದ್ದಳು. ಆಮೇಲೆ ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದ ಹುಡುಗಿ ಹಿಂದಿರುಗಲಿಲ್ಲ.

ಅಷ್ಟು ಅಕ್ಕರೆಯ ವಸ್ತು ಹಾಲು ತರಕಾರಿಗಳ ಸಂದಿಯಲ್ಲಿ ದಿಕ್ಕಿಲ್ಲದೆ ಬಿದ್ದಿರುವುದು ಅಕ್ಕನಿಗೆ ಸರಿಕಾಣಲಿಲ್ಲ. ಕಾಗದ ಬಿಚ್ಚಿದಳು. ಬಟ್ಟಲನ್ನು ಸೆರಗಿನಿಂದ ಒರೆಸಿ, ಬಿಸಿಲು ಬೀಳುವ ಕಿಟಕಿಯ ಪಕ್ಕ, ದೇವರ ಪಟದ ಮುಂದೆ ಇಟ್ಟು ದೀಪ ಹಚ್ಚಿದಳು. "ಅವಳನ್ನಂತೂ ಕರೆದುಕೊಂಡೆ. ಅವಳು ಸಾಕಿದ್ದನ್ನಾದರೂ ಕಾಪಾಡು," ಎಂದು ಬೇಡಿಕೊಂಡಳು.

ಮರುದಿನ ಬೆಳಿಗ್ಗೆ ತಂಗಿಯ ಜೊತೆ ಕೆಲಸ ಮಾಡುತ್ತಿದ್ದವನು ಬಂದ. ಅವನ ಎತ್ತರ ನೋಡಿ ತಂಗಿಯೇ ಅವನಿಗೆ ಏಣಿ ಎಂದು ಹೆಸರಿಟ್ಟಿದ್ದಳು.

"ತಲೆ ಬಗ್ಗಿಸಪ್ಪ, ಬಾಗಿಲು ತಾಗೀತು."

"ಅಭ್ಯಾಸ ಆಗಿದೆ ಅಕ್ಕ." ಅವನು ಒಳಗೆ ಬಂದು ಕುಳಿತ. "ಕಪ್ಪು ಕಾಗದ ಸುತ್ತಿದ್ದ ಬಟ್ಟಲೊಂದು ಇತ್ತಲ್ಲ, ತಗೊಂಡು ಹೋಗೋಣ ಅಂತ ಬಂದೆ. ಅವಳ ಕೆಲಸ ನಾನು ಮುಗಿಸ್ತೀನಿ. ಲೇಖನ ಅವಳ ಹೆಸರಲ್ಲೇ ಬರುತ್ತೆ."

ಅಕ್ಕನ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. "ಎಷ್ಟು ಜೋಪಾನವಾಗಿ ಇಟ್ಟಿದೀನಿ ನೋಡು," ಎಂದು ದೇವರ ಮೂಲೆಯತ್ತ ಕೈ ತೋರಿಸಿದಳು.

ಏಣಿ ನೋಡಿದ. ಎದ್ದವನು ಹಾಗೆಯೇ ನಿಂತುಬಿಟ್ಟ. "ಯಾವಾಗಿಂದ ಬೆಳಕಲ್ಲಿದೆ ಅಕ್ಕ?"

"ನಿನ್ನೆಯಿಂದ. ಯಾಕಪ್ಪ?"

ಅವನು ಬಟ್ಟಲನ್ನು ತಂಗಿಯ ಮೇಜಿಗೆ ಒಯ್ದು, ಒಂದು ಹನಿ ತೆಗೆದು ಅಲ್ಲಿದ್ದ ಅವಳ ಸೂಕ್ಷ್ಮದರ್ಶಕದ ಕೆಳಗಿಟ್ಟ. ನೋಡಿ, ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

ಮೊಟ್ಟೆಗಳೆಲ್ಲ ಖಾಲಿ ಡಬ್ಬಿಗಳಂತೆ ಮುಚ್ಚಳ ತೆರೆದು ಬಿದ್ದಿದ್ದವು. ಅವುಗಳ ನಡುವೆ ಮೈತುಂಬ ನವಿರು ಕೂದಲಿದ್ದ ಉಂಡೆಗಳು ಉರುಳಾಡುತ್ತ ಈಜುತ್ತಿದ್ದವು. ಒಂದೊಂದರ ಒಳಗೂ ಆರು ಪುಟ್ಟ ಕೊಕ್ಕೆಗಳು. ತಾನು ದಿನವೂ ಹೊಲಿಯುವ ಹುಕ್ಕುಗಳಂತೆಯೇ.

"ಅಯ್ಯೋ, ಜೀವ ಬಂದಿದೆ!" ಎಂದಳು ಅಕ್ಕ.

"ಬರಬಾರದಿತ್ತು ಅಕ್ಕ, ಈಗಲೇ ಬರಬಾರದಿತ್ತು. ಕೊಳದ ತಳದಲ್ಲಿ, ಚಳಿಯಲ್ಲಿ, ಕತ್ತಲಲ್ಲಿ ಇವು ಎಷ್ಟು ಕಾಲ ಬದುಕಿರ್ತಾವೆ ಅಂತ ನೋಡ್ತಿದ್ಲು. ಚಳಿಗಾಲ ಮುಗಿಯೋ ತನಕ ಮುಚ್ಚಿಡಬೇಕಿತ್ತು. ಬಿಸಿಯಲ್ಲಿಟ್ಟು ಬೆಳಕು ಬಿಟ್ರೆ ಮುಚ್ಚಳ ತೆರ್ಕೊಂಡುಬಿಡುತ್ತೆ."

ಅಕ್ಕ ಕುರ್ಚಿಯ ಅಂಚು ಹಿಡಿದಳು. "ಈಗ ಇವಕ್ಕೆ ಏನು ಹಾಕೋದು? ಏನು ತಿಂತಾವೆ?"

"ಏನೂ ತಿನ್ನಲ್ಲ. ಇವನ್ನೇ ಯಾರಾದ್ರೂ ತಿನ್ಬೇಕು. ಕೊಳದ ನೀರಲ್ಲಿ ಕುಪ್ಪಳಿಸೋ ಸಣ್ಣ ಜೀವಿಗಳಿರ್ತಾವೆ. ಅವು ನುಂಗಿದ್ರೆ ಅವುಗಳ ಮೈಯೊಳಗೆ ಬೆಳೀತಾವೆ, ಅವನ್ನ ಮೀನು ನುಂಗಿದ್ರೆ ಲಾಡಿಹುಳು ಆಗ್ತಾವೆ. ಯಾರೂ ನುಂಗದಿದ್ರೆ ಒಂದೆರಡು ದಿನ ಸುತ್ತಾಡಿ ಸಾಯ್ತಾವೆ."

"ಹಾಗಾದ್ರೆ ಆ ಜೀವಿಗಳನ್ನ ತಗೊಂಡು ಬಾರಪ್ಪ! ನಿಂತ್ಕೊಂಡು ನನ್ನ ಮುಖ ಏನು ನೋಡ್ತೀಯ?"

ಅವನು ಓಡಿದ. ಅಕ್ಕ ಹೊಲಿಗೆ ಮುಟ್ಟಲಿಲ್ಲ, ಒಲೆ ಹಚ್ಚಲಿಲ್ಲ. ಮಸೂರಕ್ಕೆ ಕಣ್ಣಿಟ್ಟು ಕುಳಿತಳು. ಉಂಡೆಗಳ ಓಟ ನಿಧಾನವಾಯಿತು. ಒಂದು ನಿಂತಿತು, ಇನ್ನೊಂದು ನಿಂತಿತು. ನಿಂತದ್ದು ಮೆಲ್ಲಗೆ ತಳಕ್ಕಿಳಿಯಿತು. ತಂಗಿಯ ಜ್ವರದ ಮಂಚದ ಪಕ್ಕ ಕುಳಿತದ್ದೂ ಹೀಗೆಯೇ.

ಏಣಿ ಬಂದಾಗ ಹೊತ್ತು ಮುಳುಗುತ್ತಿತ್ತು. ಸೀಸೆಯಲ್ಲಿ ತಂದ ನೀರನ್ನು ಬಟ್ಟಲಿಗೆ ಹನಿಸಿದ. ಸಣ್ಣ ಜೀವಿಗಳು ಕುಪ್ಪಳಿಸಿ ಹರಡಿದವು. ಇಬ್ಬರೂ ಸರದಿಯಂತೆ ನೋಡಿದರು. ಉರುಳುತ್ತಿದ್ದ ಉಂಡೆಗಳು ನಾಲ್ಕಾರು ಮಾತ್ರ. ಜೀವಿಗಳು ಅವುಗಳನ್ನು ಹಾದು ಆಚೆಗೆ ಹೋದವು.

"ಒಂದನ್ನಾದ್ರೂ ನುಂಗ್ತಾ?"

"ಕಾಣ್ತಿಲ್ಲ ಅಕ್ಕ."

"ಬೇರೆ ಮೊಟ್ಟೆ ತಂದು ಮಾಡಕ್ಕಾಗಲ್ವಾ?"

"ಇವು ಸಿಕ್ಕಿದ್ದ ಕೊಳಕ್ಕೆ ಔಷಧಿ ಹಾಕಿಬಿಟ್ಟಿದಾರೆ. ಅಲ್ಲಿನ ಹುಳ ಇನ್ನು ಸಿಗಲ್ಲ. ಅವಳ ಕೆಲಸ ಇಲ್ಲಿಗೇ ನಿಂತ ಹಾಗೆ."

"ದೇವರ ಮುಂದೆ ಇಟ್ಟೆ ಕಣಪ್ಪ."

"ಗೊತ್ತು ಅಕ್ಕ."

ಹೊರಡುವಾಗ ಬಾಗಿಲಲ್ಲಿ ಅವನ ತಲೆ ತಾಗಿತು.

ಅವನು ಹೋದ ಮೇಲೆ ಅಕ್ಕ ಬಟ್ಟಲಿಗೆ ಮತ್ತೆ ಆ ಕಪ್ಪು ಕಾಗದ ಸುತ್ತಿದಳು. ಇನ್ನು ಅದರಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ, ಗಿರಾಕಿಗೆ ಹೊಲಿದ ಬಟ್ಟೆ ಮಡಿಸಿ ಕೊಡುವಂತೆ ಮೂಲೆಗಳನ್ನು ಒತ್ತಿ ಒತ್ತಿ ಮಡಿಸಿದಳು. ದೀಪದ ಹೊತ್ತಾಗಿತ್ತು. ಬೆಂಕಿಪೊಟ್ಟಣ ತೆಗೆದುಕೊಂಡಳು, ಕಡ್ಡಿ ಗೀರಲು ಕೈ ಏಳಲಿಲ್ಲ. ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ದೇವರ ಮುಂದೆ ಕತ್ತಲಲ್ಲೇ ಕುಳಿತಳು.