ಕಂಕಣ ಕಟ್ಟಿದ ಲೇತು

ರಾಜಾಜಿನಗರದ ಅಂಗಡಿಯಲ್ಲಿ ಬೆಳಿಗ್ಗೆ ನೋಡಿದ, ಮರ ಕಡೆಯುವ ಹೊಸ ಲೇತು ಸಿದ್ದೇಶನಿಗೆ ಸುತರಾಂ ಹಿಡಿಸಲಿಲ್ಲ. ಕೆಂಪು ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲುತ್ತದೆ, ನಿಜ. ಆದರೆ ಗಟ್ಟಿ ಹೊನ್ನೆ ಮರ ಕೊಟ್ಟರೆ ಮೈಯೆಲ್ಲ ಗಡಗಡ ನಡುಗುತ್ತದೆ. ಅಣ್ಣ ರವಿಕುಮಾರನಿಗೆ ಮಾತ್ರ ಅದೇ ಬೇಕಿತ್ತು. ಮಂಚದ ಕಾಲು, ತೊಟ್ಟಿಲ ಕಂಬ ಕಡೆಯುವವನು ಅವನು. ಕೆಂಗೇರಿಯ ವರ್ಕ್‌ಶಾಪ್ ನಡೆಯುತ್ತಿದ್ದುದೇ ಅವನ ಬಲಗೈಯಿಂದ. ಸಿದ್ದೇಶನದು ಆರ್ಡರ್ ಹಿಡಿಯುವ ಬಾಯಿ, ಅಷ್ಟೇ. ಆದರೂ ಮನೆಯ ಎಲ್ಲ ತೀರ್ಮಾನಗಳಲ್ಲೂ ಆ ಬಾಯಿಯದೇ ಜೋರು.

ಮಧ್ಯಾಹ್ನ ಉಲ್ಲಾಳದ ಶೆಡ್ಡಿನಲ್ಲಿ ಮುನಿರಾಮಯ್ಯನವರು ಮಾರಲಿಟ್ಟ ಹಳೇ ಲೇತು ಕಂಡದ್ದೇ ತಡ, ಸಿದ್ದೇಶ ಮನಸೋತ. ಎರಕದ ಕಬ್ಬಿಣ, ಆನೆಯಂಥ ಮೈ. ಓಡುವಾಗ ಅದರ ಮೇಲೆ ನೀರಿನ ಲೋಟ ಇಟ್ಟರೂ ಒಂದು ಹನಿ ತುಳುಕಲಿಲ್ಲ. ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ತಿರುಗುತ್ತಲೇ ಇತ್ತು.

"ನೋಡಣ್ಣ, ಮೆಷಿನ್ ಅಂದ್ರೆ ಇದು!"

"ನಿಲ್ಲೋದೇ ಇಲ್ವಲ್ಲೋ," ಅಂದ ರವಿಕುಮಾರ.

ಕೊಳ್ಳುವವನ ಮಣಿಕಟ್ಟಿಗೆ ಅರಿಶಿನದ ಕಂಕಣ ಕಟ್ಟಿ, ಅವನ ಕೈಯಲ್ಲಿ ಒಂದು ಮರ ಕಡೆಸಿದ ಮೇಲೆಯೇ ಮೆಷಿನ್ನು ಹೊರಗೆ ಕಳಿಸುವುದು ಮುನಿರಾಮಯ್ಯನವರ ಮನೆತನದ ಪದ್ಧತಿ. ಅವರು ರವಿಕುಮಾರನ ಬಲಗೈಗೆ ಕಟ್ಟಿದ ದಾರ ಎಳೆಎಳೆಯಾಗಿ ದಪ್ಪಗಿತ್ತು, ತುದಿ ಗೇಣುದ್ದ ಜೋತಾಡುತ್ತಿತ್ತು. ವಾಚನ್ನೂ ಬಿಚ್ಚಿಟ್ಟೇ ಲೇತಿನ ಮುಂದೆ ನಿಲ್ಲುವ ರವಿಕುಮಾರ ಗಂಟಿಗೆ ಕೈಹಾಕಿದ. ಸಿದ್ದೇಶ ಆ ಕೈಯನ್ನು ಗಬಕ್ಕನೆ ಹಿಡಿದುಕೊಂಡ.

"ಬಿಚ್ಬೇಡ ಕಣಣ್ಣ. ಯಜಮಾನ್ರು ಬೇಜಾರಾಗಿ ಕೊಡಲ್ಲ ಅಂದ್ಬಿಟ್ರೆ? ಎರಡೇ ನಿಮಿಷ."

ಎರಡು ನಿಮಿಷ ಎಲ್ಲಿ ಬಂತು. ಅಣ್ಣ ಲೇತು ಓಡಿಸಿ ಮರಕ್ಕೆ ಉಳಿ ತಾಗಿಸಿದ. ಸಿದ್ದೇಶ ಮೊಬೈಲ್ ಎತ್ತಿ ವಿಡಿಯೋ ಹಿಡಿಯುವಷ್ಟರಲ್ಲಿ ದಾರದ ತುದಿ, ಮರವನ್ನು ಕಚ್ಚಿ ತಿರುಗುವ ಕಬ್ಬಿಣದ ದವಡೆಗೆ ಸುತ್ತಿಕೊಂಡಿತು. ಉಳಿ ಹಾರಿ ಗೋಡೆಗೆ ಬಡಿಯಿತು. ಅಣ್ಣನ ಬಲಗೈ ಒಳಕ್ಕೆ ಹೋಯಿತು. ಮೂಳೆ ಲಟಲಟನೆ ಮುರಿದ ಸದ್ದು ಮೋಟಾರಿನ ಸದ್ದನ್ನೂ ಮೀರಿ ಕೇಳಿಸಿತು. ಸಿದ್ದೇಶ ಸ್ವಿಚ್ಚಿಗೆ ಗುದ್ದಿದ. ಕರೆಂಟು ಹೋಯಿತು, ಲೇತು ನಿಲ್ಲಲಿಲ್ಲ. ಒಂದೊಂದು ಸುತ್ತಿಗೂ ಅಣ್ಣ ಅರಚಿದ. ಕೈಗೆ ಸಿಕ್ಕ ಮಚ್ಚಿನಿಂದ ಸಿದ್ದೇಶ ದಾರಕ್ಕೆ ಕೊಚ್ಚಿದ. ಮೊದಲ ಏಟು ಅಣ್ಣನ ಮಣಿಕಟ್ಟಿಗೇ ಬಿತ್ತು, ಎರಡನೆಯದಕ್ಕೆ ದಾರ ಕಡಿಯಿತು. ರಕ್ತ ಸಿದ್ದೇಶನ ಬಾಯಿಗೂ ಚಿಮ್ಮಿತು.

ಅಣ್ಣ ಮರದ ಹೊಟ್ಟಿನ ಮೇಲೆ ಕುಸಿದ. ಸಿದ್ದೇಶನಿಗೆ ತಲೆ ಕೆಟ್ಟುಹೋಯಿತು. ಮುದುಕ ಮುನಿರಾಮಯ್ಯನವರ ಕೊರಳು ಹಿಡಿದು ತಗಡಿನ ಗೋಡೆಗೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ.

"ನಿನ್ ಪದ್ಧತಿಗೆ ಬೆಂಕಿ ಹಾಕ! ಕೈ ತಿಂದ್ಯಲ್ಲೋ!"

ಮುನಿರಾಮಯ್ಯನವರ ಕಣ್ಣು ಮೇಲಕ್ಕೆ ಹೋದವು.

"ಬಿಡೋ ಅವ್ರನ್ನ," ಅಂದ ರವಿಕುಮಾರ ನೆಲದಿಂದ. ನಜ್ಜುಗುಜ್ಜಾದ ಕೈಯನ್ನು ಎದೆಗೆ ಅವುಚಿಕೊಂಡಿದ್ದ. "ಅವ್ರು ಕಟ್ಟಿದ್ರು, ನಾನು ಬಿಚ್ತಾ ಇದ್ದೆ. ತಡೆದೋನು ನೀನು."

ಸಿದ್ದೇಶನ ಬೆರಳುಗಳು ಸಡಿಲಗೊಂಡವು. ಮುದುಕ ಗೋಡೆಗುಂಟ ಜಾರಿ ಕೆಮ್ಮತೊಡಗಿದ.

"ಆಟೋ ಕರಿ. ಯಾವ್ ಮೆಷಿನ್ ಬೇಕೋ ತಗೊಳ್ಳೋ," ಅಂದ ಅಣ್ಣ. "ಇನ್ಮೇಲೆ ಕಡೆಯೋನು ನೀನೇ."