ಹೊರಮುಖದ ಚಪ್ಪಲಿ

ಧ್ಯಾನಮಂದಿರದ ಕೋಣೆಯೊಂದರಲ್ಲಿ ಒಂದು ತಿಂಗಳು ಒಬ್ಬಳೇ ಮೌನವಾಗಿರುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಗಂಡ ಮಾತಾಡಲಿಲ್ಲ; ಅವರು ಹುಟ್ಟಾ ಮೌನಿ. ಅತ್ತೆ ಮಾತ್ರ, ಸೊಸೆಯನ್ನು ಯಾರೋ ಕೂಡಿಹಾಕುತ್ತಿದ್ದಾರೆ ಎಂದು ಊರಿಗೆಲ್ಲ ಡಂಗುರ ಸಾರಿದರು. ಇಷ್ಟು ವರ್ಷ ಅವರ ಅಡುಗೆಮನೆಯಲ್ಲಿದ್ದಾಗ ಯಾರಿಗೂ ಹಾಗನ್ನಿಸಿರಲಿಲ್ಲ.

ಅಲ್ಲಿಯ ಪದ್ಧತಿ ಸರಳ. ಸಾಕೆನಿಸಿದವರು ಬಾಗಿಲ ಹೊರಗಿನ ತಮ್ಮ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಟ್ಟರೆ ಆಯಿತು. ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಸೇವಕಿಯರು ಗಂಟುಮೂಟೆ ಹೊತ್ತು ಗೇಟಿನವರೆಗೆ ಬಿಟ್ಟುಬರುತ್ತಾರೆ, ಅದೂ ಮೌನವಾಗಿಯೇ. ಇನ್ನು ಬಾಯಿಬಿಟ್ಟು ಮಾತಾಡಿದವರ ವ್ರತ ಕೆಟ್ಟಂತೆ, ಅವರೂ ಹೊರಡಬೇಕು.

ನಾನಂತೂ ಆರಾಮವಾಗಿದ್ದೆ. ಕಿಟಕಿಯ ಪಕ್ಕ ಕೂತು, ಆರುವ ಮೊದಲೇ ಚಹಾ ಕುಡಿಯುವುದು ಎಂಥ ಸುಖ ಎಂದು ಗೊತ್ತಾದದ್ದೇ ಅಲ್ಲಿ. ಧ್ಯಾನ? ಬರುತ್ತಿತ್ತು, ಹೋಗುತ್ತಿತ್ತು.

ಒಂದು ಸಂಜೆ ಅತ್ತೆ ನೋಡಲು ಬಂದರು. ಬಾಗಿಲವರೆಗೆ ಬಿಟ್ಟರು, ಒಳಗೆ ಬಿಡಲಿಲ್ಲ. ಅಲ್ಲೇ ನಿಂತು ಮನಸಾರೆ ಗೊಣಗಿದರು. ಮನೆಯಲ್ಲಿ ಯಾರ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೂ, ಹೊರಡುವವರಿಗೆ ಅನುಕೂಲವಾಗಲೆಂದು ತಿರುಗಿಸಿ ಜೋಡಿಸುವ ಕೈ ಅವರದು. ಹುಟ್ಟುಗುಣ ಸುಟ್ಟರೂ ಹೋಗದು. ಹೋಗುವಾಗ ನನ್ನವನ್ನೂ ನೀಟಾಗಿ ಹೊರಮುಖ ಮಾಡಿ ಹೋದರು. ಅದು ನನಗೆ ಗೊತ್ತಾದದ್ದು ಮರುದಿನವೇ.

ಬೆಳಿಗ್ಗೆ ಇಬ್ಬರು ಸೇವಕಿಯರು ನಗುನಗುತ್ತ ಬಂದು ನನ್ನ ಬ್ಯಾಗು ತುಂಬತೊಡಗಿದರು. ಬೇಡವೆಂದು ಕೈ ಬೀಸಿದೆ. ಅವರು ಅದನ್ನು ವಿದಾಯವೆಂದುಕೊಂಡು ತಾವೂ ಬೀಸಿದರು. ಸುಮ್ಮನಿದ್ದರೆ ಮನೆಗೆ, ಮಾತಾಡಿದರೂ ಮನೆಗೆ. ಅತ್ತ ದರಿ, ಇತ್ತ ಹುಲಿ.

ಗೇಟಿನ ಬಳಿ ಮಂದಿರದ ಹಿರಿಯಮ್ಮ ನಿಂತಿದ್ದರು. ಅವರು ತುಟಿ ಪಿಟಕ್ಕೆನ್ನದೆ ವರ್ಷಗಳೇ ಆಗಿದ್ದವು. ಗಂಡನಿಂದ ಹಿಡಿದು ಗೋಡೆಯ ಬಣ್ಣದವರೆಗೆ ನನ್ನ ಬದುಕಿನದೆಲ್ಲ ಬೇರೆಯವರು ಆರಿಸಿದ್ದು. ಇದೊಂದನ್ನು ನಾನು ಆರಿಸಿಕೊಂಡಿದ್ದೆ.

“ನನಗೆ ಹೋಗೋಕೆ ಇಷ್ಟ ಇಲ್ಲಮ್ಮ,” ಎಂದೇಬಿಟ್ಟೆ. ಚಪ್ಪಲಿ ತಿರುಗಿಸಿದ್ದು ಅತ್ತೆ ಎಂದೂ ಹೇಳಿದೆ.

ಸೇವಕಿಯರು ಹೌಹಾರಿದರು. ವ್ರತ ಕೆಟ್ಟಿತು, ಈಗಂತೂ ಹೋಗಲೇಬೇಕು ಎಂಬಂತೆ ಒಬ್ಬಳು ಗೇಟಿನತ್ತ ಕೈ ತೋರಿಸಿದಳು.

ಹಿರಿಯಮ್ಮ ಗಂಟಲು ಸರಿಮಾಡಿಕೊಂಡರು.

“ಹೋಗೋರನ್ನ ನಾವು ಕಾರಣ ಕೇಳಲ್ಲ. ಇರ್ತೀನಿ ಅನ್ನೋಳನ್ನ ಯಾಕೆ ಕೇಳಬೇಕು? ಮಾತಾಡಿದ್ದು ತಪ್ಪು ಅಂದ್ರೆ, ನನ್ನ ಬ್ಯಾಗೂ ಕಟ್ಟಿ.”

ಸೇವಕಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ಬ್ಯಾಗು ಎತ್ತಿಕೊಂಡು ಕೋಣೆಗೆ ಹೋಗಿ, ಒಳಗಿನಿಂದ ನಾನೇ ಚಿಲಕ ಹಾಕಿಕೊಂಡೆ.